ರಿಸ್ಟೋರ್ ಮಾಡಿದ 1972ರ ಡಾಟ್ಸನ್ 240ಝಡ್: ದುಡ್ಡು ಕೊಡೋ ಮುಂಚೆ ಏನೇನು ನೋಡಬೇಕು?

ಫ್ರೀಮಾಂಟ್_ಕನ್ನಡಿಗ

ಎಲ್ಲರಿಗೂ ನಮಸ್ಕಾರ. ಇಲ್ಲೇ ಕ್ಯಾಲಿಫೋರ್ನಿಯಾದಲ್ಲಿ 1972ರ 240ಝಡ್ (ನಿಸಾನ್ ಕಂಪನಿ ಡಾಟ್ಸನ್ ಹೆಸರಲ್ಲಿ ಮಾರಿದ ಹಳೇ ಸ್ಪೋರ್ಟ್ಸ್ ಕಾರು) ಒಂದು ಮಾರಾಟಕ್ಕಿದೆ. ಕಿತ್ತಳೆ ಬಣ್ಣ (ಕಂಪನಿಯ ಬಣ್ಣದ ಕೋಡ್ 918), ನಾಲ್ಕು ಗೇರ್, ಎಡಗಡೆ ಸ್ಟೀರಿಂಗ್. ಕೇಳ್ತಿರೋದು 58,000 ಡಾಲರ್. "ಪ್ರೊಫೆಷನಲ್ ರಿಸ್ಟೊರೇಷನ್, ಪೂರ್ತಿ ಬಿಚ್ಚಿ ಮಾಡಿದ್ದು" ಅಂತ ಹಾಕಿದ್ದಾರೆ. ಕೈಗೆ ಸಿಕ್ಕಿರೋ ದಾಖಲೆ ಅಂದ್ರೆ ಪೇಂಟಿನ ಬಿಲ್ಲು, ಎಂಜಿನ್ ಬಿಲ್ಲು, ಕೆಲಸ ಮುಗಿದ ಮೇಲೆ ತೆಗೆದ ಒಂದಷ್ಟು ಫೋಟೊ. ಶನಿವಾರ ನೋಡೋಕೆ ಹೋಗ್ತಿದ್ದೀನಿ, ಲಿಫ್ಟ್ ಮೇಲೆ ಹಾಕಿ ತೋರಿಸ್ತೀನಿ ಅಂದಿದ್ದಾರೆ. ಎಲ್ಲಿ ಬಗ್ಗಿ ನೋಡಬೇಕು, ಏನು ಕೇಳಬೇಕು? ಬಂಪರ್ ಹೊಳಪು, ಸೀಟು ಹೊಲಿಗೆ ನೋಡೋಕೆ ನನಗೂ ಬರುತ್ತೆ, ಅದು ಬಿಟ್ಟು ಹೇಳಿ.

ತಗಡು_ಪಂಡಿತ

ಮುಗಿದ ಮೇಲಿನ ಫೋಟೊ ಬದಿಗಿಡಿ. ಬಣ್ಣ ಕಿತ್ತು ಬರೀ ತಗಡು ಕಾಣೋ ಹಂತದ ಫೋಟೊ ಕೇಳಿ. ಗಂಟೆ ಲೆಕ್ಕದಲ್ಲಿ ಬಿಲ್ ಹಾಕೋ ಗ್ಯಾರೇಜು ಅದನ್ನ ತೆಗೆಯದೆ ಇರಲ್ಲ, ಇಲ್ಲಾಂದ್ರೆ ಗಿರಾಕಿಗೆ ಲೆಕ್ಕ ಒಪ್ಪಿಸೋದು ಹೇಗೆ? ಆ ಫೋಟೊ ಇಲ್ಲ ಅಂದ್ರೆ ಅದು ರಿಸ್ಟೊರೇಷನ್ ಅಲ್ಲ, ದುಬಾರಿ ಪೇಂಟಿಂಗ್ ಅಂತಲೇ ಎಣಿಸಿ ಬೆಲೆ ಮಾತಾಡಿ.

ಈ ಕಾರಿಗೆ ಬೇರೆ ಚಾಸಿ ಇಲ್ಲ, ಬಾಡಿಯೇ ಭಾರ ಹೊರೋದು. ಹಾಗಾಗಿ ತುಕ್ಕು ಅಂದ್ರೆ ಅಂದದ ಪ್ರಶ್ನೆ ಅಲ್ಲ. ಮೊದಲು ಬಾನೆಟ್ ಎತ್ತಿ ಬಲಗಡೆ ಹಿಂಬದಿಯ ಬ್ಯಾಟರಿ ಟ್ರೇ ನೋಡಿ. ಅಲ್ಲಿ ಸೋರಿದ ಆಸಿಡ್ ಕೆಳಗಿನ ರೇಲು (ಬಾಡಿಯ ಅಡಿಯಲ್ಲಿ ಉದ್ದಕ್ಕೆ ಹೋಗೋ ತಗಡಿನ ತೊಲೆ), ಫೈರ್‌ವಾಲ್ (ಎಂಜಿನ್ ಕೋಣೆಗೂ ಕೂರೋ ಜಾಗಕ್ಕೂ ನಡುವಿನ ಗೋಡೆ), ಪಕ್ಕದ ಸೀಟಿನ ಕಾಲಡಿಯ ತಗಡು ಮೂರನ್ನೂ ತಿಂದಿರುತ್ತೆ. ಟ್ರೇ ಮಾತ್ರ ಹೊಸದು, ರೇಲು ಹಳೇದು ಅಂದ್ರೆ ಅರ್ಧ ಕೆಲಸ.

ಆಮೇಲೆ ಬಾಗಿಲ ಹಿಂದೆ, ಹಿಂಚಕ್ರದ ಮುಂದೆ ಇರೋ ಕೆಳಮೂಲೆ. ಇಲ್ಲಿನವರು ಡಾಗ್‌ಲೆಗ್ ಅಂತಾರೆ. ಚಕ್ರ ಎಸೆದ ಕೆಸರು ಒಳಗೆ ಕೂತು, ಒಳಗಿಂದ ಹೊರಕ್ಕೆ ಕೊಳೆಯೋ ಜಾಗ ಅದು. ಪುಟ್ಟಿ ತುಂಬಿ ಬಣ್ಣ ಹೊಡೆದ್ರೆ ಒಂದೆರಡು ಮಳೆಗಾಲ ಗೊತ್ತೇ ಆಗಲ್ಲ. ಪೇಂಟ್ ದಪ್ಪ ಅಳೆಯೋ ಮೀಟರ್ ತಗೊಂಡು ಹೋಗಿ. ಕಾರ್ಖಾನೆ ಬಣ್ಣ ಸುಮಾರು 100ರಿಂದ 130 ಮೈಕ್ರಾನ್ ಇರುತ್ತೆ. ಬರೀ ತಗಡಿನಿಂದ ಎಬ್ಬಿಸಿದ ಒಳ್ಳೆ ಪೇಂಟು 200ರಿಂದ 350. 500 ದಾಟಿದ್ರೆ ಒಳಗೆ ಪುಟ್ಟಿ ಇದೆ, 1000 ದಾಟಿದ್ರೆ ಪುಟ್ಟಿಯಲ್ಲೇ ಆಕಾರ ಕಟ್ಟಿದ್ದಾರೆ. ಎಲ್ಲ ಕಡೆ 280, ಡಾಗ್‌ಲೆಗ್‌ನಲ್ಲಿ ಮಾತ್ರ 1400 ಬಂದ್ರೆ ಕಥೆ ಅಲ್ಲೇ ಗೊತ್ತಾಗುತ್ತೆ. ಚಕ್ರದ ಕಮಾನಿನ ಒಳಅಂಚನ್ನ ಬೆರಳಲ್ಲೇ ಸವರಿ. ಮೂಲ ತಗಡಿನ ಮಡಿಕೆ ಒಂದೇ ಸಮ ಇರುತ್ತೆ, ಪುಟ್ಟಿ ಆದ್ರೆ ಉಬ್ಬುತಗ್ಗು ಸಿಗುತ್ತೆ.

ಲಿಫ್ಟ್ ಮೇಲೆ ಹೋದಾಗ ಉದ್ದಕ್ಕೆ ಹೋಗೋ ಎರಡು ರೇಲು ನೋಡಿ. ಹಳೇದು ತೆಗೆಯದೆ ಮೇಲೊಂದು ಹೊಸ ರೇಲು ಮುಚ್ಚಿ ವೆಲ್ಡ್ ಮಾಡೋ ಚಾಳಿ ಬಹಳ. ನಡುವೆ ನೀರು ನಿಂತು ಎರಡೂ ಹೋಗುತ್ತೆ. ಬಾಗಿಲ ಕೆಳಗೆ ಉದ್ದಕ್ಕಿರೋ ಪೆಟ್ಟಿಗೆಯಂಥ ಭಾಗವೇ ಸಿಲ್, ಅದರ ತಳದಲ್ಲಿ ನೀರು ಹೋಗೋ ತೂತುಗಳಿವೆ. ಕಪ್ಪು ಅಂಡರ್‌ಕೋಟಿಂಗ್ ಬಳಿದು ಅವನ್ನೇ ಮುಚ್ಚಿದ್ರೆ ಹೊಸ ಸಿಲ್ಲೂ ಉಳಿಯಲ್ಲ. ಅಂಡರ್‌ಕೋಟಿಂಗ್ ತೀರಾ ದಪ್ಪ, ತೀರಾ ಹೊಸದು ಅನ್ನಿಸಿದ ಕಡೆ ಸ್ಕ್ರೂಡ್ರೈವರ್ ಹಿಡಿಯಿಂದ ಕುಟ್ಟಿ. ಠಣ್ ಅಂದ್ರೆ ಸರಿ, ಬೊದ್ ಅಂದ್ರೆ ಕೇಳಿ.

ಕೊನೆಗೆ, ಒಪ್ಪಿಗೆ ತಗೊಂಡು ಸಿಲ್ ಹತ್ತಿರ ಜಾಕ್ ಕೊಟ್ಟು ಒಂದು ಬದಿ ಎತ್ತಿ. ಬಾಗಿಲ ಸುತ್ತಲಿನ ಸಂದು ಮುಂಚೆ ಎಷ್ಟಿತ್ತೋ ಅಷ್ಟೇ ಇರಬೇಕು, ಬಾಗಿಲು ಸಲೀಸಾಗಿ ತೆಗೆದು ಹಾಕೋಕೆ ಬರಬೇಕು. ಸಂದು ಮುಚ್ಚಿಕೊಂಡ್ರೆ ಸಿಲ್ಲಿಗೆ ಬಲ ಇಲ್ಲ, ವಾಪಸ್ ಬನ್ನಿ. ಬಾಗಿಲು ದಬ್ಬಿ ಹಾಕಿದ್ರೆ ಮಾತ್ರ ಕೂರುತ್ತೆ ಅನ್ನೋದು ಬೇರೆ ವಿಷಯ. ಹೊರಗಿನ ಕಂಪನಿ ರಬ್ಬರ್ ಬೀಡಿಂಗ್ ದಪ್ಪ ಜಾಸ್ತಿ ಬರುತ್ತೆ, ಅದು ಭಯಪಡೋ ದೋಷ ಅಲ್ಲ.

ಎಲ್24_ಆರುಸಿಲಿಂಡರ್

ತಗಡಿನ ವಿಷಯ ಪಂಡಿತರು ಹೇಳಿದ್ದೇ ಸರಿ. ಅದರ ಮುಂದೆ ಮೆಕ್ಯಾನಿಕಲ್ ಕೆಲಸ ಅಗ್ಗ. ಆದ್ರೂ ಎಂಜಿನ್ ಬಿಲ್ಲಲ್ಲಿ "ರೀಬಿಲ್ಟ್" ಅಂತ ಒಂದೇ ಪದ ಇದ್ರೆ ಒಪ್ಪಬೇಡಿ. ಬೋರ್ (ಸಿಲಿಂಡರಿನ ಒಳವ್ಯಾಸ) ಎಷ್ಟು ಹಿಗ್ಗಿಸಿದ್ದಾರೆ (ಮೂಲ 83 ಮಿ.ಮೀ.), ಕ್ರ್ಯಾಂಕ್ ಗ್ರೈಂಡ್ ಆಗಿದೆಯಾ, ಟೈಮಿಂಗ್ ಚೈನ್ ಗೈಡ್ ಹೊಸದಾ, ಇಷ್ಟಾದ್ರೂ ಬರೆದಿರಬೇಕು. ಎಂಜಿನ್ ಬಿಸಿ ಮಾಡಿ, ಥ್ರಾಟಲ್ ಪೂರ್ತಿ ತೆಗೆದು ಕಂಪ್ರೆಷನ್ ನೋಡಿ. 160–180 ಪಿಎಸ್‌ಐ ಆಸುಪಾಸು ಬಂದು ಆರೂ ಸಿಲಿಂಡರ್ ನಡುವೆ ವ್ಯತ್ಯಾಸ ಶೇ. 10ರೊಳಗಿದ್ರೆ ನೆಮ್ಮದಿ. ವಾಲ್ವ್ ಸಂದು ತಣ್ಣಗಿದ್ದಾಗ ಇನ್‌ಟೇಕ್ 0.20, ಎಕ್ಸಾಸ್ಟ್ 0.25 ಮಿ.ಮೀ. ಸ್ವಲ್ಪ ಟಿಕ್ ಟಿಕ್ ಸದ್ದು ಈ ಎಂಜಿನ್ನಿನ ಜಾಯಮಾನ. ಒಂಚೂರೂ ಸದ್ದೇ ಇಲ್ಲ ಅಂದ್ರೆ ವಾಲ್ವ್ ತೀರಾ ಬಿಗಿ ಇಟ್ಟಿರಬಹುದು, ಎಕ್ಸಾಸ್ಟ್ ವಾಲ್ವ್ ಸುಡೋದು ಹಾಗೇನೇ.

1972ಕ್ಕೆ ಮೇಲ್ಭಾಗ ಗುಂಡಗಿರೋ ಹಿಟಾಚಿ ಜೋಡಿ ಕಾರ್ಬ್ಯುರೇಟರ್ ಬರಬೇಕು. ಚಪ್ಪಟೆ ಇದ್ರೆ ಅದು 1973ರ ಸೆಟ್, ಬಿಸಿಗೆ ಪೆಟ್ರೋಲ್ ಕುದ್ದು ಟ್ರಾಫಿಕ್ಕಲ್ಲಿ ನಿಲ್ಲೋ ಕುಖ್ಯಾತಿ ಅದಕ್ಕಿದೆ.

ಓಡಿಸುವಾಗ ಮೂರರಿಂದ ಎರಡಕ್ಕೆ ಇಳಿಸಿ ನೋಡಿ. ಕರ್ ಅಂದ್ರೆ ಸಿಂಕ್ರೊ (ಗೇರ್ ಸಲೀಸಾಗಿ ಕೂರಿಸೋ ರಿಂಗು) ಸವೆದಿದೆ. ಗೇರ್‌ಬಾಕ್ಸ್‌ಗೆ ಯಾವ ಆಯಿಲ್ ಹಾಕಿದ್ದಾರೆ ಕೇಳಿ. ಜಿಎಲ್-4 ದರ್ಜೆಯದ್ದಾಗಿರಬೇಕು, ಅನೇಕ ಜಿಎಲ್-5 ಆಯಿಲ್‌ಗಳು ಸಿಂಕ್ರೊ ರಿಂಗಿನ ಹಿತ್ತಾಳೆಗೆ ಆಗಿಬರಲ್ಲ. ಕ್ಲಚ್ ಬಿಟ್ಟಾಗ ಹಿಂದೆ ಟಕ್ ಅಂದ್ರೆ ಡಿಫರೆನ್ಷಿಯಲ್‌ನ ಮುಂದಿನ ರಬ್ಬರ್ ಮೌಂಟು, ಇಲ್ಲ ಹಾಫ್‌ಶಾಫ್ಟ್‌ನ ಯು-ಜಾಯಿಂಟು. ಎರಡೂ ಸರಿಮಾಡಬಹುದಾದ್ದು.

ಸಸ್ಪೆನ್ಷನ್ನಲ್ಲಿ ಒಂದೇ ಪ್ರಶ್ನೆ ಸಾಕು: "ಹಿಂದಿನ ಸ್ಪಿಂಡಲ್ ಪಿನ್ ಬಿಚ್ಚಿದ್ರಾ?" ಹಿಂಚಕ್ರ ಹಿಡಿದಿರೋ ಕೆಳಗಿನ ಆರ್ಮ್‌ನೊಳಗೆ ಈ ಉದ್ದ ಪಿನ್ ತುಕ್ಕು ಹಿಡಿದು ಕಚ್ಚಿಕೊಂಡ್ರೆ ಪ್ರೆಸ್ಸಿಗೂ ಜಗ್ಗಲ್ಲ. ಸೋಂಬೇರಿ ಗ್ಯಾರೇಜುಗಳು ಹೊರಗಿಂದಲೇ ಬಣ್ಣ ಹೊಡೆದು ಬಿಟ್ಟಿರ್ತಾರೆ. ಹೊಸ ಪಿನ್, ಹೊಸ ಬುಷ್ ಬಿಲ್ಲಲ್ಲಿ ಕಂಡ್ರೆ ಪೂರ್ತಿ ಬಿಚ್ಚಿದ್ದು ನಿಜ ಅಂತ ನಂಬಬಹುದು.

ವೈರಿಂಗಲ್ಲಿ ಹೆಡ್‌ಲೈಟಿನ ಪೂರಾ ಕರೆಂಟು ಸ್ವಿಚ್ಚು, ಫ್ಯೂಸ್‌ಬಾಕ್ಸ್ ಮೂಲಕವೇ ಹೋಗುತ್ತೆ. ಹತ್ತು ನಿಮಿಷ ಲೈಟ್ ಉರಿಸಿ ಫ್ಯೂಸ್‌ಬಾಕ್ಸ್ ಮುಟ್ಟಿ ನೋಡಿ. ಬಿಸಿ ಇದ್ರೆ, ಕರಗಿದ ಗುರುತಿದ್ರೆ ರಿಲೇ ಹಾಕಿಸಿ. ಕಾರಿನೊಳಗೆ ಪೆಟ್ರೋಲ್ ವಾಸನೆ ಬಂದ್ರೆ ಬಲಗಡೆ ಹಿಂದಿನ ಪ್ಯಾನೆಲ್ ಒಳಗಿರೋ ಆವಿ ಟ್ಯಾಂಕಿನ ಪೈಪುಗಳು ಬಿರುಕು ಬಿಟ್ಟಿವೆ. ಹೊಗೆ ವಾಸನೆ ಬಂದ್ರೆ ಹಿಂಬಾಗಿಲ ರಬ್ಬರು, ಟೇಲ್ ಲೈಟಿನ ಗ್ಯಾಸ್ಕೆಟ್ಟು.

ಫ್ರೀಮಾಂಟ್_ಕನ್ನಡಿಗ

ಇಬ್ಬರಿಗೂ ಧನ್ಯವಾದ. ಮಾರೋರು ಇನ್ನಷ್ಟು ಫೋಟೊ ಕಳಿಸಿದ್ರು. ಡ್ಯಾಶ್‌ಬೋರ್ಡ್ ಮೇಲಿನ ಲೋಹದ ಪಟ್ಟಿಯಲ್ಲಿ ಕಾರಿನ ನಂಬರ್ ಎಚ್‌ಎಲ್‌ಎಸ್30 ಅಂತ ಶುರುವಾಗುತ್ತೆ, ಫೈರ್‌ವಾಲ್ ಮೇಲೆ ಕೆತ್ತಿದ್ದೂ ಅದೇ ನಂಬರ್. ಆದ್ರೆ ಬ್ಲಾಕ್ ಮೇಲೆ ಎಲ್28 ಅಂತ ಇದೆ. ಜಾಹೀರಾತಲ್ಲಿ ಇದನ್ನ ಹೇಳೇ ಇಲ್ಲ. ಬಿಟ್ಟುಬಿಡಲಾ?

ನಂಬರ್_ಪ್ಲೇಟ್

ಬಿಡೋದು ಯಾಕೆ? ಬೆಲೆ ಇಳಿಸಿ. ಎಲ್28 ಅಂದ್ರೆ 280ಝಡ್‌ನ 2753 ಸಿಸಿ ಎಂಜಿನ್, ಮೂಲ ಎಲ್24 2393 ಸಿಸಿ. ಓಡಿಸೋಕೆ ದೊಡ್ಡದೇ ಮಜಾ, ಎಳೆತ ಜಾಸ್ತಿ. ಆದ್ರೆ ಎಂಜಿನ್ ಕೋಣೆಯ ಬಲಗಡೆ ಪಟ್ಟಿಯಲ್ಲಿರೋ ನಂಬರ್ರಿಗೂ ಬ್ಲಾಕಿಗೂ ತಾಳೆ ಆಗದ ಕಾರಿಗೆ ಮೂಲ ಕಾರಿನ ಬೆಲೆ ಕೊಡಬಾರದು. ಹಳೇ ಎಲ್24 ಬ್ಲಾಕ್ ಎತ್ತಿಟ್ಟಿದ್ದಾರಾ ಕೇಳಿ, ಇದ್ರೆ ಕಾರಿನ ಜೊತೆಗೇ ಸೇರಿಸಿಕೊಳ್ಳಿ. ನನಗೆ ಚಿಂತೆ ಎಂಜಿನ್ ಬಗ್ಗೆ ಅಲ್ಲ, ಹೇಳದೆ ಬಿಟ್ಟಿದ್ದರ ಬಗ್ಗೆ. ಎಂಜಿನ್ ಬಿಲ್ಲು ಯಾವ ಎಂಜಿನ್ನಿಗೆ ಮಾಡಿದ್ದು ಅಂತ ಈಗ ಮತ್ತೆ ಓದಿ.

ಮುಂದೆ ಬೇರೆ ಕಾರು ನೋಡೋರಿಗೂ ಉಪಯೋಗ ಆಗಲಿ ಅಂತ: ಅಮೆರಿಕದ 240ಝಡ್ ಎಲ್ಲಾ ಎಚ್‌ಎಲ್‌ಎಸ್30. ಆರ್‌ಎಲ್‌ಎಸ್30 ಕಂಡ್ರೆ ಅದು 260ಝಡ್, ಹಳೇ ಬಂಪರ್ ಹಾಕಿ 240 ಅಂತ ತೋರಿಸ್ತಿದ್ದಾರೆ. ಜಪಾನಿಂದ ತರಿಸಿದ, ಉದ್ದ ಮೂತಿಯ ಫೇರ್‌ಲೇಡಿ (ಇದೇ ಕಾರಿನ ಜಪಾನಿನ ಹೆಸರು) 240ಝಡ್‌ಜಿ ಅಂತ ಮಾರೋದು ಎಚ್‌ಎಸ್30 ಆಗಿರಬೇಕು. ಬರೀ ಎಸ್30 ಇದ್ರೆ ಎರಡು ಲೀಟರ್ ಕಾರಿಗೆ ಮೂತಿ ಅಂಟಿಸಿದ್ದು. "ನಿಸಾನ್ ಕಂಪನಿಯೇ ರಿಸ್ಟೋರ್ ಮಾಡಿದ್ದು" ಅಂದ್ರೆ ಕಾಗದ ತೋರಿಸಿ ಅನ್ನಿ. 1990ರ ದಶಕದ ಕೊನೆಗೆ ಅಮೆರಿಕದಲ್ಲಿ ನಿಸಾನ್ ಅಂಥ ಯೋಜನೆ ನಡೆಸಿದ್ದು ನಿಜ, ಆದ್ರೆ ಹೊರಬಂದಿದ್ದು 40ಕ್ಕೂ ಕಡಿಮೆ ಕಾರು. 2020ರ ಜನವರಿಯಲ್ಲಿ 3,10,000 ಡಾಲರಿಗೆ ಹರಾಜಾದ 1970ರ 240ಝಡ್ ತೋರಿಸಿ ಬೆಲೆ ಏರಿಸೋರೂ ಇದ್ದಾರೆ. ಅದು ಕಡಿಮೆ ಓಡಿದ ಮೂಲ ಸ್ಥಿತಿಯ ಕಾರು, ರಿಸ್ಟೋರ್ ಮಾಡಿದ್ದಕ್ಕೆ ಆ ಲೆಕ್ಕ ಹಿಡಿಯಲ್ಲ.

ಬಣ್ಣ ಮೂಲದ್ದೇನಾ ಅಂತ ನೋಡೋಕೆ ಡ್ಯಾಶ್ ಕೆಳಗೆ, ಹಿಂದಿನ ಪ್ಲಾಸ್ಟಿಕ್ ಪ್ಯಾನೆಲ್ ಹಿಂದೆ ಟಾರ್ಚ್ ಬಿಡಿ. ಅಲ್ಲಿ ಹಸಿರೋ ಬಿಳಿಯೋ ಇಣುಕಿದ್ರೆ ಚೌಕಾಸಿಗೆ ಇನ್ನೊಂದು ಕಾರಣ ಸಿಕ್ಕ ಹಾಗೆ.

ಎಲ್24_ಆರುಸಿಲಿಂಡರ್

ಎಲ್28 ಅಂದ್ರೆ ಹೆಡ್ ಯಾವುದು ನೋಡಿ, ಎನ್42 ಅಂತ ಎರಕದಲ್ಲಿ ಇರಬಹುದು. 240ಯ ಕಾರ್ಬ್ಯುರೇಟರನ್ನೇ ಉಳಿಸಿಕೊಂಡಿದ್ರೆ ಅದರೊಳಗೆ ಪೆಟ್ರೋಲ್ ಅಳೆದು ಬಿಡೋ ಸೂಜಿ ಬದಲಿಸಿದ್ದಾರಾ ಕೇಳಿ, ಇಲ್ಲಾಂದ್ರೆ ಮೇಲಿನ ಆರ್‌ಪಿಎಂನಲ್ಲಿ ಪೆಟ್ರೋಲ್ ಸಾಲದೆ ಹೋಗಬಹುದು. ಸ್ಮಾಗ್ (ಹೊಗೆ ತಪಾಸಣೆ) ಚಿಂತೆ ಬೇಡ, ಕ್ಯಾಲಿಫೋರ್ನಿಯಾದಲ್ಲಿ 1975 ಮತ್ತು ಅದಕ್ಕಿಂತ ಹಳೇ ಮಾಡೆಲ್‌ಗೆ ಟೆಸ್ಟ್ ಇಲ್ಲ.

ತಗಡು_ಪಂಡಿತ

ವಿಮೆ ಒಪ್ಪಿತ ಮೌಲ್ಯದ್ದೇ (ಕಾರಿನ ಬೆಲೆ ಮೊದಲೇ ಒಪ್ಪಿ ಬರೆದಿಡೋದು) ಮಾಡಿಸಿ. ಮಾಮೂಲಿ ಪಾಲಿಸಿ ಸವಕಳಿ ಕಳೆದು ಕೊಡುತ್ತೆ, ರಿಸ್ಟೊರೇಷನ್ ಬಿಲ್ಲಿಗೆ ಬೆಲೆ ಸಿಗಲ್ಲ. ಟೈರಿನ ಮೇಲಿನ ಕೊನೆಯ ನಾಲ್ಕು ಅಂಕಿ ಓದೋದು ಮರೀಬೇಡಿ: 2312 ಅಂದ್ರೆ 2012ರ 23ನೇ ವಾರದ್ದು. ರಬ್ಬರ್ ಎಷ್ಟೇ ಕಪ್ಪಗಿದ್ರೂ ಅಂಥ ಟೈರಲ್ಲಿ ಫ್ರೀವೇಗೆ ಹೋಗಬೇಡಿ, ಟೆಸ್ಟ್ ಡ್ರೈವ್ ಊರೊಳಗಿನ ರಸ್ತೆಯಲ್ಲೇ ಮುಗಿಸಿ.