ಅಬ್ಬಕ್ಕ ಗೊಂಬೆಯ ಸೀರೆ ಕೊಡೆಯ ಹಾಗೆ ಅರಳಿ ನಿಲ್ಲುತ್ತದೆ, ಎಂತ ಮಾಡುವುದು?

ಗೊಂಬೆಹುಚ್ಚು, ಉಡುಪಿ:
ಅಕ್ಕನ ಮಗಳ ಶಾಲೆಯಲ್ಲಿ ಆಗಸ್ಟ್ 15ಕ್ಕೆ ವಸ್ತುಪ್ರದರ್ಶನ ಉಂಟು. ಉಳ್ಳಾಲದ ರಾಣಿ ಅಬ್ಬಕ್ಕನ ಗೊಂಬೆ ನಾನು ಮಾಡಿಕೊಡುತ್ತೇನೆ ಅಂತ ಬಾಯಿಬಿಟ್ಟು ಸಿಕ್ಕಿಬಿದ್ದಿದ್ದೇನೆ. ಗೊಂಬೆ ಬಾರ್ಬಿ ಅಳತೆಯದ್ದು, ಹನ್ನೊಂದೂವರೆ ಇಂಚು. ಅಮ್ಮನ ಹಳೇ ಕೆಂಪು ರೇಷ್ಮೆ ಸೀರೆ ಕತ್ತರಿಸಿ 92 ಸೆಂ.ಮೀ. ಉದ್ದ, 19 ಸೆಂ.ಮೀ. ಅಗಲದ ಪುಟ್ಟ ಸೀರೆ ಮಾಡಿ ಉಡಿಸಿದೆ. ನೆರಿಗೆ ಕೆಳಗೆ ಇಳಿಯುವುದೇ ಇಲ್ಲ, ಕೊಡೆ ಬಿಡಿಸಿದ ಹಾಗೆ ನಿಲ್ಲುತ್ತದೆ. ಸೊಂಟದ ಹತ್ತಿರ ದೊಡ್ಡ ಮುದ್ದೆ, ರಾಣಿ ಬಸುರಿಯ ಹಾಗೆ ಕಾಣುತ್ತಾಳೆ. ನೆರಿಗೆ ಕೂರಲಿ ಅಂತ ಗಂಜಿತಿಳಿ ಹಾಕಿದೆ. ನಾಲ್ಕೇ ದಿನಕ್ಕೆ ಬೂಸ್ಟು ಬಂತು! ಬಿಚ್ಚಿ ನೋಡಿದರೆ ಗೊಂಬೆಯ ಕಾಲೆಲ್ಲ ಗುಲಾಬಿ.

ಸೂಜಿದಾರ, ಕದ್ರಿ:
ಈ ಆಟಿ ತಿಂಗಳ ಮಳೆಯಲ್ಲಿ ಗಂಜಿ ಹಾಕಿದರೆ ಬೂಸ್ಟು ಬಾರದೆ ಮತ್ತೆಂತ ಬರುತ್ತದೆ ಮಾರಾಯ್ರೆ! ಮೊದಲು ಅದನ್ನು ತೊಳೆದು ತೆಗೆಯಿರಿ.

ಸೀರೆಯ ಅಳತೆ ಸರಿಯಾಗಿಯೇ ಉಂಟು, ಗೊಂಬೆ ಸುಮಾರು ನಮ್ಮ ಆರನೇ ಒಂದು ಪಾಲು, ಸೀರೆಯೂ ಐದೂವರೆ ಮೀಟರಿನ ಆರನೇ ಒಂದು ಪಾಲು. ಆದರೆ ಬಟ್ಟೆಯ ದಪ್ಪ ಆರನೇ ಒಂದು ಪಾಲು ಆಗಲಿಲ್ಲ ಅಲ್ವಾ? ನಾವು ಉಟ್ಟ ಸೀರೆಯನ್ನು ಅದರ ಭಾರವೇ ಕೆಳಗೆ ಎಳೆಯುತ್ತದೆ. ಗೊಂಬೆಯ ಸೀರೆಯಲ್ಲಿ ಎಳೆಯುವ ಭಾರ ಇಲ್ಲ, ಬಟ್ಟೆಯ ಬಿಗಿ ಮಾತ್ರ ಹಾಗೆಯೇ ಉಳಿದಿದೆ. ಸೊಂಟದ ಲೆಕ್ಕವೂ ಹಾಗೆಯೇ. ಏಳು ನೆರಿಗೆ ಅಂದರೆ ಹದಿನಾಲ್ಕು ಪದರ. ಪದರಕ್ಕೆ 0.3 ಮಿ.ಮೀ. ಹಿಡಿದರೂ 4 ಮಿ.ಮೀ. ದಾಟುತ್ತದೆ. ನಮ್ಮ ಹೊಟ್ಟೆಯ ಮೇಲೆ ಒಂದಿಂಚು ದಪ್ಪದ ಮಡಿಕೆ ಇಟ್ಟಷ್ಟು.

ಹಾಗಾಗಿ ಉಡಿಸಲು ಹೋಗಬೇಡಿ, ಹೊಲಿಯಿರಿ. ಸೊಂಟಕ್ಕೆ ಕಾಲಿಂಚಿನ ಟೇಪ್ ಪಟ್ಟಿ. ಹಿಂದೆ ಸುತ್ತುವ ಭಾಗ ಒಂದೇ ಪದರ. ನೆರಿಗೆ ಬೇರೆ ತುಂಡಿನಲ್ಲಿ ಮಾಡಿ ಆ ಪಟ್ಟಿಗೆ ಸೇರಿಸಿ, ಐದು ನೆರಿಗೆ ಧಾರಾಳ ಸಾಕು. ನೆರಿಗೆಗೆ ಮೇಲೆ, ನಡುವೆ, ಕೆಳಗೆ ಉದ್ದುದ್ದ ಕಚ್ಚಾ ಹೊಲಿಗೆ ಹಾಕಿ. ಒದ್ದೆ ಕರ್ಚೀಫ್ ಮುಚ್ಚಿ ಇಸ್ತ್ರಿ ಒತ್ತಿ, ಪೂರ್ತಿ ಒಣಗಿದ ಮೇಲೆಯೇ ದಾರ ಬಿಡಿಸಿ. ನಾನು ಅಂಚಿನ ಮಡಿಕೆಯೊಳಗೆ ಹಾಳಾದ ಚಾರ್ಜರ್ ವಯರಿನ ತಾಮ್ರದ ಎಳೆ ತೂರಿಸುತ್ತೇನೆ. ಬೆರಳಲ್ಲಿ ಬಗ್ಗಿಸಿದ ಕಡೆ ನೆರಿಗೆ ನಿಲ್ಲುತ್ತದೆ.

ಕಾಲಿನ ಕಲೆಗೆ ಮೊಡವೆಗೆ ಹಚ್ಚುವ ಬೆಂಝಾಯಿಲ್ ಪೆರಾಕ್ಸೈಡ್ ಜೆಲ್ ಹಚ್ಚಿ, ಪ್ಲಾಸ್ಟಿಕ್ ಸುತ್ತಿ ಬಿಸಿಲಿಗೆ ಇಡಬೇಕು. ದಿನಗಟ್ಟಲೆ ಹಿಡಿಯುತ್ತದೆ, ಬಿಸಿಲಂತೂ ನಿಮ್ಮ ಪುಣ್ಯ. ಜಾಸ್ತಿ ದಿನ ಬಿಟ್ಟರೆ ಕಾಲು ಬಿಳಿಚುತ್ತದೆ, ದಿನಾ ನೋಡುತ್ತಿರಿ. ಮುಖದ ಬಣ್ಣಕ್ಕೆ ಮಾತ್ರ ತಾಗಿಸಬೇಡಿ.

ಹಳೇಪಂಚೆ, ಬಿ.ಸಿ.ರೋಡ್:
ನಡುವೆ ಬಾಯಿ ಹಾಕುತ್ತಿದ್ದೇನೆ. ಕೆಂಪು ರೇಷ್ಮೆ, ಜರಿ, ನೆರಿಗೆ ಎಲ್ಲ ಯಾಕೆ? ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲ್ಲೆ 1623ರಲ್ಲಿ ಉಳ್ಳಾಲದ ರಾಣಿಯನ್ನು ಕಣ್ಣಾರೆ ಕಂಡು ಬರೆದಿದ್ದಾನೆ. ಅವಳ ಹೆಸರೂ ಅಬ್ಬಕ್ಕನೇ. ರಾಣಿ ಬರಿಗಾಲಲ್ಲಿ ನಿಂತು ಕಾಲುವೆ ಕೆಲಸ ನೋಡುತ್ತಿದ್ದಳು. ಸೊಂಟದಿಂದ ಕೆಳಗೆ ಸಾದಾ ದಪ್ಪ ಹತ್ತಿ ಬಟ್ಟೆ, ತಲೆಗೆ ಕಟ್ಟಿದ ಒಂದು ವಸ್ತ್ರ ಎದೆ ಮತ್ತು ಹೆಗಲ ಮೇಲೆ ಸ್ವಲ್ಪ ಇಳಿದಿತ್ತು. ಮೇಲೆ ಓಲೆಕೊಡೆ. ಅಷ್ಟೇ. ನಿಮ್ಮ ಗೊಂಬೆಯ ಅಬ್ಬಕ್ಕನ ಕಾಲದಲ್ಲಿ, 1568ರಲ್ಲಿ, ಪೋರ್ಚುಗೀಸರು ಉಳ್ಳಾಲಕ್ಕೆ ನುಗ್ಗಿದ್ದು ಇದಕ್ಕಿಂತ ಐವತ್ತೈದು ವರ್ಷ ಹಿಂದೆ. ಆಗ ಈ ಕಡೆ ಉಡುಪು ಇದಕ್ಕಿಂತ ಬೇರೆ ಇತ್ತು ಅಂತ ನನಗೆ ಅನಿಸುವುದಿಲ್ಲ. ನಾವು ನೋಡುವ ರವಿಕೆ, ನೆರಿಗೆ, ಪದಕ ಎಲ್ಲ ನಾಟಕದವರ ಪೆಟ್ಟಿಗೆಯಿಂದ ಬಂದದ್ದಿರಬೇಕು.

ಮನೆಯಲ್ಲಿ ಸವೆದ ಬಿಳಿ ಪಂಚೆ ಇದ್ದರೆ ತೆಗೆಯಿರಿ. ನೂರು ಸಲ ತೊಳೆದ ಬಟ್ಟೆ, ಮೆತ್ತಗೆ ಬೀಳುತ್ತದೆ, ಬಣ್ಣವೂ ಬಿಡುವುದಿಲ್ಲ.

ಗೊಂಬೆಹುಚ್ಚು, ಉಡುಪಿ:
ಹಾಗೆ ಮಾಡಿದರೆ ಟೀಚರ್ "ಇದು ರಾಣಿಯಾ?" ಅಂತ ಕೇಳುತ್ತಾರೆ.

ಹಳೇಪಂಚೆ, ಬಿ.ಸಿ.ರೋಡ್:
ಕೇಳಲಿ. ಪಕ್ಕದಲ್ಲಿ ಒಂದು ಚೀಟಿ ಇಡಿ. ಮಕ್ಕಳ ಪ್ರದರ್ಶನ ಆದ್ದರಿಂದ ಎದೆಯ ಮೇಲಿನ ವಸ್ತ್ರ ಸ್ವಲ್ಪ ಅಗಲವಾಗಿರಲಿ. ಅಷ್ಟು ರಾಜಿ ನಾನೂ ಮಾಡಿಕೊಳ್ಳುತ್ತೇನೆ.

ಸೂಜಿದಾರ, ಕದ್ರಿ:
ಎರಡು ಗಂಟೆ ಕೂತು ನೆರಿಗೆ ಪಾಠ ಬರೆದೆ, ಈಗ ನೆರಿಗೆಯೇ ಬೇಡ ಅಂತಾರೆ. ಇರಲಿ, ಪಂಚೆಯೇ ಸರಿ. ಅಂಚು ಮಾತ್ರ ಮಡಚಿ ಹೊಲಿಯಬೇಡಿ, ಅಲ್ಲಿ ದಪ್ಪ ಕಾಣುತ್ತದೆ. ಪಂಚೆಯ ಕರೆಯನ್ನೇ ಅಂಚಾಗಿ ಬಳಸಿ.

ಗೊಂಬೆಹುಚ್ಚು, ಉಡುಪಿ (ಎಂಟು ದಿನದ ನಂತರ):
ಅಪ್ಪನ ಪಂಚೆ ಕತ್ತರಿಸಿದೆ, ಅವರಿಗೆ ಇನ್ನೂ ಗೊತ್ತಿಲ್ಲ. ಬಟ್ಟೆ ಒದ್ದೆ ಮಾಡಿ ಗೊಂಬೆಯ ಮೈಮೇಲೆಯೇ ಸುತ್ತಿ, ದಾರ ಕಟ್ಟಿ, ಫ್ರಿಜ್ಜಿನ ಹಿಂದೆ ರಾತ್ರಿಯಿಡೀ ನಿಲ್ಲಿಸಿದೆ. ಬೆಳಿಗ್ಗೆ ದಾರ ಬಿಚ್ಚಿದಾಗ ಬಟ್ಟೆ ತೊಡೆಗೆ ಒರಗಿ, ಒಂದು ಮಂಡಿಯ ಹತ್ತಿರ ಸಣ್ಣಗೆ ಮಡಚಿ ನಿಂತಿತ್ತು, ಇಡೀ ದಿನ ಗದ್ದೆಯಲ್ಲಿ ಓಡಾಡಿದವರ ಬಟ್ಟೆಯ ಹಾಗೆ. ಕಾಲಿನ ಗುಲಾಬಿ ಅರ್ಧ ಹೋಗಿದೆ, ಉಳಿದದ್ದರ ಮೇಲೆ ಕೆಸರು ಬಣ್ಣ ಬಳಿದೆ. ಕಾಲುವೆ ಹತ್ತಿರ ನಿಂತವಳಲ್ವಾ!

ಈಗ ಓಲೆಕೊಡೆ ಬಾಕಿ. ತೆಂಗಿನ ಗರಿ ಸೀಳಿದರೆ ಒಣಗುವಾಗ ಸುರುಟುತ್ತದೆ.

ಸೂಜಿದಾರ, ಕದ್ರಿ:
ತೆಂಗು ಬೇಡ. ಹಳೇ ಅಡಿಕೆ ಹಾಳೆ ತಟ್ಟೆಯನ್ನು ನೀರಲ್ಲಿ ನೆನೆಸಿ, ತೆಳ್ಳಗೆ ಪದರ ಎಬ್ಬಿಸಿ. ಬಟ್ಟಲಿನ ಬೆನ್ನ ಮೇಲೆ ಒತ್ತಿ ಕಟ್ಟಿ ಒಣಗಿಸಿ. ಕೊಡೆಯ ಕಾವಿಗೆ ಹಿಡಿಸೂಡಿಯ (ಪೊರಕೆಯ) ಕಡ್ಡಿ ಸಾಕು.