ಗೋವಾದಲ್ಲಿ ಹುಟ್ಟಿದ ಮಗಳಿಗೆ ಎಸ್‌ಸಿ ಸರ್ಟಿಫಿಕೇಟ್ ಯಾವ ರಾಜ್ಯದ್ದು?

ಪ್ರಶ್ನೆ (ವಾಸ್ಕೊದಿಂದ)
ನಮಸ್ಕಾರ್ರಿ. ನಾವು ಲಂಬಾಣಿ ಮಂದಿ, ವಿಜಯಪುರ ಜಿಲ್ಲಾದ ತಾಂಡಾದವರು. ಅಪ್ಪ ದುಡಿಯಾಕಂತ ವಾಸ್ಕೊಗೆ ಬಂದಾಗ ನಾ ಇನ್ನೂ ಸಣ್ಣಾಂವ. ಮಗಳು ಹುಟ್ಟಿದ್ದು, ಸಾಲಿ ಕಲ್ತಿದ್ದು ಎಲ್ಲಾ ಇಲ್ಲೇ. ಈಗ ನೀಟ್ ಬರದಾಳ. ಇಲ್ಲಿ ಕಚೇರಿಗೆ ಹೋದ್ರ ‘ನಿಮ್ಮ ಜಾತಿ ಗೋವಾದ ಪಟ್ಟಿಯೊಳಗ ಇಲ್ಲ’ ಅಂದ್ರು. ಊರಿಗೆ ಹೋದ್ರ ‘ಹುಡುಗಿ ಇಲ್ಲೆ ಹುಟ್ಟಿಲ್ಲ, ಹೆಂಗ ಕೊಡೂದು’ ಅಂತಾರ. ಸಂವಿಧಾನ ಇಡೀ ದೇಶಕ್ಕ ಒಂದೇ ಅಲ್ರಿ? ಗಡಿ ದಾಟಿದ್ರ ನಮ್ಮ ಹಕ್ಕು ಎಲ್ಲಿ ಹೋತು?

ಉತ್ತರ (ಕಾನೂನು ವಿದ್ಯಾರ್ಥಿ, ಧಾರವಾಡ)
19ನೇ ವಿಧಿಯ ಪ್ರಕಾರ ದೇಶದ ಯಾವ ಭಾಗದಲ್ಲಾದರೂ ನೆಲೆಸಬಹುದು. ಸಮಾನತೆಗೆ 14, 15, 16 ಇವೆ. ಗೋವಾ ಕಚೇರಿಯವರದು ತಪ್ಪು, ಹೈಕೋರ್ಟಿಗೆ ರಿಟ್ ಹಾಕಿ ಸರ್.

ಉತ್ತರ (ನಿವೃತ್ತ ಶಿಕ್ಷಕಿ, ಬಸವಕಲ್ಯಾಣ)
ರಿಟ್‌ಗೆ ದುಡ್ಡು ಸುರಿಯಬೇಡಿ ತಮ್ಮಾ. ನೆಲೆಸುವ ಹಕ್ಕು ನಿಮ್ಮ ಜೊತೆ ಗಡಿ ದಾಟುತ್ತದೆ, ರಾಜ್ಯದ ಮೀಸಲಾತಿ ದಾಟುವುದಿಲ್ಲ. 341ನೇ ವಿಧಿ ಪರಿಶಿಷ್ಟ ಜಾತಿಗಳನ್ನು ಆಯಾ ರಾಜ್ಯಕ್ಕೆ ಸಂಬಂಧಿಸಿದಂತೆ ಗುರುತಿಸುತ್ತದೆ. ಆ ಪಟ್ಟಿಗೆ ಒಂದು ಹೆಸರು ಸೇರಿಸುವುದಕ್ಕೂ ಸಂಸತ್ತಿನ ಕಾನೂನು ಬೇಕು, ಗೋವಾ ಸರ್ಕಾರದ ಕೈಯಲ್ಲಿಲ್ಲ.

ನಾವೂ ಲಂಬಾಣಿಗಳೇ, ನಮ್ಮ ಬಳಗವನ್ನೇ ನೋಡಿ. ನಾನು ಕರ್ನಾಟಕದಲ್ಲಿ ಎಸ್‌ಸಿ. ಅಕ್ಕನನ್ನು ಜಹೀರಾಬಾದ್ ಕಡೆ ಕೊಟ್ಟಿದೆ, ತೆಲಂಗಾಣದಲ್ಲಿ ಭಾವನವರು ಎಸ್‌ಟಿ. ಉಮರ್ಗಾದಲ್ಲಿರುವ ಸೋದರಮಾವನ ಮಕ್ಕಳು ಮಹಾರಾಷ್ಟ್ರದ ವಿಮುಕ್ತ ಜಾತಿ, ಅಂದರೆ ಎಸ್‌ಸಿಯೂ ಅಲ್ಲ, ಎಸ್‌ಟಿಯೂ ಅಲ್ಲ, ಬೇರೆಯೇ ವರ್ಗ. ಎಲ್ಲರೂ ಆಡುವುದು ಗೋರ್ ಬೋಲಿ ಎಂಬ ಲಂಬಾಣಿ ನುಡಿ, ಕೈಮುಗಿಯುವುದು ಸಂತ ಸೇವಾಲಾಲರಿಗೆ.

ಮರ್ರಿ ಚಂದ್ರಶೇಖರ ರಾವ್ ಪ್ರಕರಣದಲ್ಲೂ ಇದೇ ಪ್ರಶ್ನೆ ಬಂದಿತ್ತು. ಆಂಧ್ರದಲ್ಲಿ ಎಸ್‌ಟಿಯಾದ ಕುಟುಂಬ, ತಂದೆಯ ನೌಕರಿ ಮುಂಬೈಗೆ ಬಂತು, ಮಗ ಅಲ್ಲಿ ವೈದ್ಯಕೀಯ ಸೀಟು ಕೇಳಿದ. 1990ರಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಆಗದು ಎಂದಿತು. ಒಂದು ರಾಜ್ಯದ ಹಿಂದುಳಿದಿರುವಿಕೆ ಇನ್ನೊಂದರಲ್ಲಿ ಹಾಗೇ ಇರಬೇಕೆಂದಿಲ್ಲ, ಹೊರಗಿನವರನ್ನು ಸೇರಿಸಿದರೆ ಸ್ಥಳೀಯ ದಲಿತರ ಪಾಲು ಕರಗುತ್ತದೆ ಎಂಬುದು ಅದರ ತರ್ಕ. 2018ರಲ್ಲಿ ಬೀರ್ ಸಿಂಗ್ ಪ್ರಕರಣದಲ್ಲಿ ಮತ್ತೊಂದು ಸಂವಿಧಾನ ಪೀಠ ಇದನ್ನೇ ಎತ್ತಿಹಿಡಿಯಿತು.

ಸ್ಥಳೀಯರ ಪಾಲಿನ ಮಾತು ನನಗೆ ಅರ್ಥವಾಗುತ್ತದೆ. ಆದರೆ ವಾಸ್ಕೊದಲ್ಲೇ ಹುಟ್ಟಿ ಬೆಳೆದ ಹುಡುಗಿಯನ್ನು ‘ವಲಸೆ ಬಂದವಳು’ ಎನ್ನುವುದು ಅನ್ಯಾಯ. ದುಡಿಯಲು ಬಂದವನ ಮೊಮ್ಮಗಳಿಗೆ ಅಲ್ಲಿ ಯಾವ ಮುನ್ನಡೆ ಸಿಕ್ಕಿದೆ? ಸಂಸತ್ತು ಸೂಕ್ತ ಕಾನೂನನ್ನು ಪರಿಶೀಲಿಸಲಿ ಎಂದು 1990ರ ತೀರ್ಪಿನಲ್ಲೇ ಇದೆ. ನಮ್ಮ ಸಂಸದರನ್ನು ಕೇಳಬೇಕಾದದ್ದು ಇದನ್ನು.

ಈಗ ಮಗಳ ಕೆಲಸ. ನೀಟ್‌ನಲ್ಲಿ ಸರ್ಕಾರಿ ಕಾಲೇಜುಗಳ 15% ಎಂಬಿಬಿಎಸ್ ಸೀಟು ಅಖಿಲ ಭಾರತ ಕೋಟಾಕ್ಕೆ ಹೋಗುತ್ತವೆ. ಅದರಲ್ಲಿ ಎಸ್‌ಸಿ ಮೀಸಲಾತಿ ಉಂಟು, ಕರ್ನಾಟಕದ ಎಸ್‌ಸಿ ಎಂದು ಅವಳು ಅಲ್ಲಿ ಸ್ಪರ್ಧಿಸಬಹುದು. ಐಐಟಿ, ಎನ್‌ಐಟಿ, ಕೇಂದ್ರದ ನೌಕರಿಗೂ ಹಾಗೇ. ಗೋವಾ ರಾಜ್ಯದ ಸೀಟಿಗೆ ಮಾತ್ರ ಈ ಜಾತಿಪತ್ರ ನಡೆಯದು.

ಊರಿನ ಕಚೇರಿಯವರು ‘ಇಲ್ಲಿ ಹುಟ್ಟಿಲ್ಲ’ ಎಂದು ತಿರುಗಿಸಿ ಕಳಿಸುವಂತಿಲ್ಲ. ಹೆತ್ತವರು ಮೂಲತಃ ಯಾವ ರಾಜ್ಯದವರು ಎಂಬುದೇ ಮುಖ್ಯ. ತಂದೆಯ ಅಸಲಿ ಜಾತಿಪತ್ರ ತೋರಿಸಿದರೆ ವಲಸೆ ಹೋದ ರಾಜ್ಯದ ಅಧಿಕಾರಿಯೂ ಮಕ್ಕಳಿಗೆ ಪ್ರಮಾಣಪತ್ರ ಕೊಡಬಹುದೆಂದು ಕೇಂದ್ರದ ಸೂಚನೆಯಿದೆ, ಅದರ ಲಾಭ ಮೂಲ ರಾಜ್ಯದಲ್ಲಿ ಮತ್ತು ಕೇಂದ್ರದಲ್ಲಿ. ಎರಡೂ ಕಡೆ ಅರ್ಜಿ ಬರಹದಲ್ಲೇ ಕೊಡಿ, ಸ್ವೀಕೃತಿ ಪಡೆಯಿರಿ. ನಿರಾಕರಿಸಿದರೆ ಕಾರಣ ಬರೆದು ಕೊಡಲಿ.

ಉತ್ತರ (ವಕೀಲ, ಬೆಳಗಾವಿ)
ಅಕ್ಕಾವರು ಹೇಳಿದ್ದು ಸರಿ. ಒಂದು ಮಾತು ಸೇರಿಸುತ್ತೇನೆ. ಜಾತಿ ಹಿಡಿದು ಯಾರಾದರೂ ಅವಮಾನಿಸಿದರೆ, ಹೊಡೆದರೆ ‘ಗೋವಾ ಪಟ್ಟಿಯಲ್ಲಿಲ್ಲ’ ಎಂದು ಪೊಲೀಸರು ಕೈಚೆಲ್ಲುವಂತಿಲ್ಲ. ದೌರ್ಜನ್ಯ ತಡೆ ಕಾಯ್ದೆಯ ರಕ್ಷಣೆ ಒಂದು ರಾಜ್ಯದ ಪಟ್ಟಿಗೆ ಸೀಮಿತವಲ್ಲ ಎಂದು ಬಾಂಬೆ ಹೈಕೋರ್ಟಿನ ಪೂರ್ಣ ಪೀಠ 2023ರಲ್ಲಿ ಹೇಳಿದೆ. ಗೋವಾ ಅದೇ ಹೈಕೋರ್ಟಿನ ವ್ಯಾಪ್ತಿಯಲ್ಲಿದೆ.

ಪ್ರಶ್ನೆ ಕೇಳಿದವರು
ಭಾಳ ಉಪಕಾರ ಆತ್ರಿ ಅಕ್ಕಾರ. ನನ್ನ ಜಾತಿಪತ್ರ ಐತಿ, ಆದ್ರ ಅದರಾಗ ಅಡ್ಡಹೆಸರು ಒಂದು ಥರಾ, ಮಗಳ ಸಾಲಿ ದಾಖಲೆಯೊಳಗ ಇನ್ನೊಂದು ಥರಾ ಬರದಾರ. ನಡೀತೈತೇನ್ರಿ?

ಉತ್ತರ (ನಿವೃತ್ತ ಶಿಕ್ಷಕಿ)
ಮೊದಲು ಅದನ್ನೇ ಸರಿಮಾಡಿಸಿ. ಎರಡೂ ಅಡ್ಡಹೆಸರು ಒಂದೇ ಮನೆತನದವು ಎಂದು ನೋಟರಿ ಮುಂದೆ ಅಫಿಡವಿಟ್ ಮಾಡಿಸಿ, ಮಗಳ ಜನನ ಪ್ರಮಾಣಪತ್ರ, ನಿಮ್ಮ ಶಾಲೆಯ ಟಿಸಿ ಜೊತೆಗಿಡಿ. ಕೇಂದ್ರ ಸರ್ಕಾರದ ನಮೂನೆಯಲ್ಲೇ ಬೇಕೆಂದು ಅರ್ಜಿಯಲ್ಲಿ ಬರೆಯಿರಿ. ಕೌನ್ಸೆಲಿಂಗ್ ಶುರುವಾಗುವವರೆಗೆ ಕಾಯಬೇಡಿ, ಈ ವಾರವೇ ಊರಿಗೆ ಹೋಗಿ.