ಸಹಾಯ ಬೇಕು: ಮಳೆ ಜೋರಾದಾಗಲೇ ಕೈತಪ್ಪುವ ಮಳೆಯ ಲೆಕ್ಕ

ಪುಣೆಯ ಕನ್ನಡಿಗ ಮಿತ್ರರಿಗೆ ನಮಸ್ಕಾರ. ಪಾನಶೇತ್ ಅಣೆಕಟ್ಟಿನ ಹಿನ್ನೀರಿನ ಸಮೀಪದ ನಮ್ಮ ತೋಟದಲ್ಲಿ ಮಳೆಮಾಪಕವನ್ನೂ ಹಳ್ಳದ ನೀರಿನ ಮಟ್ಟ ಅಳೆಯುವ ಸೆನ್ಸರನ್ನೂ ಕೂಡಿಸಿದ್ದು, ಅಲ್ಲಿನ ಡೇಟಾ ಲಾಗರ್ (ಅಳತೆಗಳನ್ನು ದಾಖಲಿಸುವ ಸಾಧನ) 15 ನಿಮಿಷಕ್ಕೊಮ್ಮೆ ಸಿಮ್ ಮೂಲಕ ಕೋಥ್ರೂಡಿನ ಮನೆಯ ಸರ್ವರಿಗೆ ಎಫ್‌ಟಿಪಿಯಲ್ಲಿ ಕಡತ ಕಳಿಸುತ್ತದೆ. ಘಟ್ಟದ ಮಳೆ ಜೋರಾದ ರಾತ್ರಿಗಳಲ್ಲೇ ನೆಟ್‌ವರ್ಕ್ ಹೋಗುತ್ತದೆ; ಮರಳಿ ಬಂದ ಮೇಲೆ ಲಾಗರ್ ಕೊನೆಯ ಕಡತವನ್ನಷ್ಟೇ ಕಳಿಸಿ, ನಡುವಿನವನ್ನೆಲ್ಲ ಮೆಮೊರಿ ಕಾರ್ಡಿನಲ್ಲೇ ಉಳಿಸಿಕೊಳ್ಳುತ್ತದೆ. ಆಮೇಲೆ ಬೈಕ್ ಏರಿ ಹೋಗಿ ಕಾರ್ಡ್ ತರುವುದೆಂದರೆ ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದಂತೆ.

ಸಮಯದ ತೊಡಕೂ ಇದೆ: ಲಾಗರಿನ ಗಡಿಯಾರ ನಮಗಿಂತ ಐದೂವರೆ ಗಂಟೆ ಹಿಂದಿರುವ ಜಾಗತಿಕ ಸಮಯ ಯುಟಿಸಿಯಲ್ಲಿರುವುದರಿಂದ ಅದರ ದಿನ ನಮ್ಮ ಬೆಳಗಿನ 5.30ಕ್ಕೆ ಬದಲಾಗುತ್ತದೆ, ಹವಾಮಾನ ಇಲಾಖೆಯ ಮಳೆಯ ದಿನವಾದರೋ 8.30ಕ್ಕೆ ಮುಗಿಯುತ್ತದೆ. ಇದನ್ನು ನಾನೇ ಸರಿಪಡಿಸಿಕೊಳ್ಳಬಲ್ಲೆ.

ಮಾರಿದವರು ಹೊಸ ಲಾಗರ್ ಕೊಳ್ಳಿರೆನ್ನುತ್ತಾರೆ; ನನಗದು ಅನಗತ್ಯವೆನಿಸುತ್ತದೆ. ಆರ್‌ಎಸ್-485 ತಂತಿಯಲ್ಲಿ ಮಾಡ್‌ಬಸ್ (ಸಾಧನಗಳು ಪರಸ್ಪರ ಮಾಹಿತಿ ಓದುವ ವಿಧಾನ) ಮೂಲಕ ಲಾಗರನ್ನು ಓದುವ ಸಣ್ಣ ಬೋರ್ಡೊಂದನ್ನು ನಡುವೆ ಇಟ್ಟು, ಸರ್ವರಿನಿಂದ ಸ್ವೀಕೃತಿ ಬರುವವರೆಗೂ ಪ್ರತಿ ದಾಖಲೆಯನ್ನು ಕಾಯ್ದಿರಿಸಿ ಎಂಕ್ಯುಟಿಟಿ ಎಂಬ ಹಗುರ ಸಂದೇಶ ವಿಧಾನದಲ್ಲಿ ಮತ್ತೆ ಮತ್ತೆ ಕಳಿಸುವಂತೆ ಮಾಡಿದವರು ಯಾರಾದರೂ ಇದ್ದೀರಾ? ವಾರಗಟ್ಟಲೆ ಮೋಡ ಕವಿದಿರುವ ಆಷಾಢದಲ್ಲಿ ಸೋಲಾರ್ ಫಲಕ, 12 ವೋಲ್ಟ್ ಬ್ಯಾಟರಿ ಈ ಹೆಚ್ಚುವರಿ ಹೊರೆಯನ್ನು ತಡೆದಾವೇ ಎಂಬುದನ್ನೂ ಅನುಭವಸ್ಥರು ದಯವಿಟ್ಟು ತಿಳಿಸಬೇಕು.